ಷಾರ್ಜಾದಿಂದ ಅಣ್ಣ ಎತ್ತುತ್ತಿದ್ದ ಅಂಗಡಿ ಫೋನು

ಷಾರ್ಜಾಕ್ಕೆ ಹೊರಡುವ ಹಿಂದಿನ ದಿನ ಅಣ್ಣ ಅಂಗಡಿಗೆ ಒಂದು ಕಪ್ಪು ಪೆಟ್ಟಿಗೆ ತಂದ. ಅಂಗೈಯಗಲ ಇತ್ತು. ನನ್ನ ಮೇಜಿನ ಫೋನಿಗೆ ಗೋಡೆಯಿಂದ ಬರುತ್ತಿದ್ದ ತಂತಿಯನ್ನು ಕಿತ್ತು ಪೆಟ್ಟಿಗೆಯ ಒಂದು ಬದಿಗೆ ಸಿಕ್ಕಿಸಿದ, ಇನ್ನೊಂದು ಬದಿಗೆ ಇಂಟರ್‌ನೆಟ್ಟಿನ ತಂತಿ. ಹಸಿರು ದೀಪ ಹತ್ತಿತು.

"ಇನ್ನ ಮ್ಯಾಲ ಅಂಗಡಿಗಿ ಯಾರು ಫೋನ್ ಮಾಡಿದ್ರೂ ಅಲ್ಲಿ ನನ್ನ ಹತ್ರ ಬರ್ತೈತಿ. ನೀನು ಮಾತಾಡೋದು ಬ್ಯಾಡ."

"ಯಾಕ? ಏಳು ವರ್ಷದಿಂದ ನಾನೇ ಮಾತಾಡಾಕತ್ತೀನಲ್ಲ?"

"ಅದಕ್ಕೇ ಹೇಳಾಕತ್ತಿದ್ದು. ಹೆಣ್ಣಿನ ದನಿ ಕೇಳಿದ್ರ ಗಣಿಯವರು ಈ ಅಂಗಡ್ಯಾಗ ಗಂಡಸರು ಇಲ್ಲ ಅಂದ್ಕೊಂತಾರ."

ನಾನು ಫೋನನ್ನು ಮೇಜಿನ ಮೂಲೆಗೆ ಸರಿಸಿದೆ. ಹಾಗೆ ಒಪ್ಪಿಕೊಂಡದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ನಮ್ಮದು ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ಹೋಸ್ ಪೈಪಿನ ಅಂಗಡಿ. ಟಿಪ್ಪರಿನ ಡಬ್ಬ ಮೇಲೇಳುವುದು, ಮಣ್ಣು ತೋಡುವ ಯಂತ್ರದ ಕೈ ಮಡಚುವುದು, ಎಲ್ಲ ಎಣ್ಣೆಯ ಒತ್ತಡದಿಂದ. ಆ ಎಣ್ಣೆ ಹರಿಯುವ ಪೈಪು ಒಡೆದರೆ ಯಂತ್ರ ನಿಂತಲ್ಲೇ ನಿಲ್ಲುತ್ತದೆ. ಅದಿರಿನ ಭರಾಟೆಯಲ್ಲಿ ದಿನಕ್ಕೆ ಮೂವತ್ತು, ನಲವತ್ತು ಕರೆ ಬರುತ್ತಿದ್ದವು. ಯಂತ್ರ ಯಾವುದು, ಪೈಪು ಎಷ್ಟು ದಪ್ಪ, ತುದಿಯ ತಿರುಪು ಒಳಗೋ ಹೊರಗೋ ಎಂದು ಮೂರು ಮಾತು ಕೇಳಿದರೆ ಸಾಕು, ಏನು ಬೇಕೆಂದು ನನಗೆ ತಿಳಿಯುತ್ತಿತ್ತು. ಅಪ್ಪನ ಕಾಲದಿಂದ ಇದ್ದ ಮೇಸ್ತ್ರಿ ಅದನ್ನು ಕತ್ತರಿಸಿ, ತುದಿಗೆ ಕಬ್ಬಿಣದ ಬಾಯಿ ಒತ್ತಿ ಕೊಡುತ್ತಿದ್ದ.

ಅಣ್ಣನಿಗೆ ಈ ಮೂರು ಮಾತೂ ಗೊತ್ತಿರಲಿಲ್ಲ. ಹಳೆಯ ಯಂತ್ರಗಳ ಬಿಡಿಭಾಗ ಕೊಂಡು ಕಳಿಸುತ್ತೇನೆಂದು ಷಾರ್ಜಾಕ್ಕೆ ಹೋದ. ಆದರೆ ಹೋದದ್ದನ್ನು ಯಾವ ಗಿರಾಕಿಗೂ ಹೇಳಲಿಲ್ಲ. ಅಂಗಡಿಯ ನಂಬರಿಗೆ ಕರೆ ಬಂದರೆ ಅಲ್ಲಿಂದಲೇ ಎತ್ತಿ, ಬಳ್ಳಾರಿಯಲ್ಲೇ ಕೂತವನ ಹಾಗೆ ಮಾತಾಡುತ್ತಿದ್ದ. ಇಲ್ಲಿ ಪೆಟ್ಟಿಗೆಯ ದೀಪ ಮಿನುಗುವುದನ್ನು ನೋಡುತ್ತ ನಾನು ಕೂತಿರುತ್ತಿದ್ದೆ. ಮಾತು ಮುಗಿಸಿ ನನ್ನ ಮೊಬೈಲಿಗೆ ಮಾಡುತ್ತಿದ್ದ: "ಲೇ, ಸಂಡೂರಿನವರಿಗಿ ಎರಡು ಪೈಪ್ ಅಂದೀನಿ, ರೆಡಿ ಮಾಡಿಸು." ಯಾವ ಪೈಪು ಎಂದರೆ, "ದೊಡ್ಡದು" ಎನ್ನುತ್ತಿದ್ದ. ಮಾಲು ಇಲ್ಲವೆಂದರೆ, "ನೀನು ಹಿಂಗ ಮಾತಾಡ್ತೀ ಅಂತಾನೇ ಫೋನ್ ಕಿತ್ತಿದ್ದು" ಎನ್ನುತ್ತಿದ್ದ.

ಗಿರಾಕಿಗಳು ಬಂದು ಬೈಯುತ್ತಿದ್ದದ್ದು ನನ್ನನ್ನು. "ಅಣ್ಣ ಈಗ ತಾನೇ ಹೊರಗ ಹೋದ" ಎಂದು ನಾನೂ ಹೇಳುತ್ತಿದ್ದೆ. ಮೂರು ತಿಂಗಳು ಹೇಳಿದೆ. ಪಾರ್ವತಿನಗರದ ಮನೆಯಲ್ಲಿ ಅವ್ವನ ಮುಂದೆ ಗೋಳಾಡಿದರೆ, "ಅವನೇನು ಮಜಾ ಮಾಡಾಕ ಹೋಗ್ಯಾನೇನು? ನೀನು ಕುಂತಲ್ಲೇ ಕುಂತೀದಿ" ಎಂದಳು. ಆಮೇಲೆ ಮನೆಯಲ್ಲಿ ಆ ಮಾತು ಎತ್ತಲಿಲ್ಲ.

ಭತ್ತದ ಕೊಯ್ಲಿನ ದಿನಗಳಲ್ಲಿ ಒಂದು ಮಧ್ಯಾಹ್ನ ಸಿರುಗುಪ್ಪದ ಕಡೆಯ ಕರೂರಿನಿಂದ ಒಬ್ಬರು ಬಂದರು. ಐವತ್ತು ದಾಟಿದವರು. ಎರಡು ಬಸ್ಸು ಬದಲಿಸಿ, ಒಡೆದ ಪೈಪನ್ನು ಗೋಣಿಯಲ್ಲಿ ಸುತ್ತಿಕೊಂಡು ಬಂದಿದ್ದರು. ಭತ್ತ ಕೊಯ್ಯುವ ಯಂತ್ರ ಗದ್ದೆಯ ನಡುವೆ ನಿಂತುಬಿಟ್ಟಿದೆ, ಮೇಲೆ ಮೋಡ.

"ಎಲ್ಲಿ ನಿಮ್ಮಣ್ಣ? ಬೆಳಿಗ್ಗಿ ಫೋನ್ ಮಾಡಿದ್ನಿ. ಪೈಪ್ ರೆಡಿ ಐತಿ, ಬರ್ರಿ ಅಂದ."

"ಈಗ ತಾನೇ ಹೊರಗ..." ಎಂದೆ.

ಅವರು ನನ್ನನ್ನೇ ನೋಡುತ್ತ ಮೊಬೈಲು ತೆಗೆದು, ಅಂಗಡಿಯ ಬೋರ್ಡಿನ ನಂಬರು ಒತ್ತಿದರು. ನನ್ನ ಮೇಜಿನ ಫೋನು ಸದ್ದು ಮಾಡಲಿಲ್ಲ. ಪೆಟ್ಟಿಗೆಯ ದೀಪ ಮಿನುಗಿತು. ಅವರು ಸ್ಪೀಕರ್ ಹಾಕಿ ಮೊಬೈಲನ್ನು ಮೇಜಿನ ಮೇಲಿಟ್ಟರು.

"ಹೇಳ್ರಿ ಗೌಡ್ರೇ," ಅಣ್ಣನ ದನಿ ಒಂದು ಗಳಿಗೆ ತಡವಾಗಿ ಬಂತು.

"ಎಲ್ಲಿ ಅದೀರಿ?"

"ಅಂಗಡ್ಯಾಗೇ ಕುಂತೀನ್ರಿ. ಬರ್ರಿ, ಬರ್ರಿ."

ಮೇಸ್ತ್ರಿ ಕೈಯ ಗರಗಸ ಕೆಳಗಿಟ್ಟ. ಕರೂರಿನವರು ಅಣ್ಣನ ಖಾಲಿ ಕುರ್ಚಿಯನ್ನು ನೋಡಿದರು. ನಾನು ಮೊಬೈಲಿನ ಹತ್ತಿರ ಬಾಗಿ ಅಂದೆ: "ಅಣ್ಣ, ಅವರು ನನ್ನ ಮುಂದೇ ನಿಂತಾರ. ನೀನು ಷಾರ್ಜಾದಾಗ ಅದೀ ಅಂತ ಹೇಳು."

"ಬಾಯಿ ಮುಚ್ಚಲೇ" ಎಂದಷ್ಟು ಕೇಳಿಸಿ ಕರೆ ನಿಂತುಹೋಯಿತು.

ಕರೂರಿನವರು ನನ್ನ ಪರವಾಗಿ ಎರಡು ಮಾತಾಡುತ್ತಾರೆ ಎಂದು ನಾನು ಯಾಕೆ ಅಂದುಕೊಂಡೆನೋ. "ಅವನು ಅಲ್ಲಿಂದ ಸುಳ್ಳು ಹೇಳಿದ, ನೀನು ಇಲ್ಲಿ ಎದುರಿಗೇ ಹೇಳಿದಿ. ನಿನಗೂ ಅವನಿಗೂ ಏನು ಫರಕೈತಮ್ಮಾ?" ಎಂದು ಗೋಣಿಯನ್ನು ಮೇಜಿನ ಮೇಲೆ ಎಸೆದರು. ಎಣ್ಣೆ ನನ್ನ ಸೀರೆಗೆ ಸಿಡಿಯಿತು.

ಅವರ ಯಂತ್ರಕ್ಕೆ ಸರಿಹೋಗುವ ತುದಿ ನಮ್ಮಲ್ಲಿರಲಿಲ್ಲ. ಹಳೆಯ ತುದಿಗಳನ್ನೇ ಬಿಡಿಸಿ, ಉಜ್ಜಿ, ಹೊಸ ಪೈಪಿಗೆ ಒತ್ತೋಣ ಎಂದು ಮೇಸ್ತ್ರಿ ಹೇಳಿದ. ಎರಡು ತಾಸು ಹಿಡಿಯಿತು. ನಾನು ತಂದ ಚಹಾವನ್ನು ಅವರು ಮುಟ್ಟಲಿಲ್ಲ. ಪೈಪು ತೆಗೆದುಕೊಂಡು, "ಇನ್ನ ಈ ಅಂಗಡಿ ಕಟ್ಟಿ ಹತ್ತಂಗಿಲ್ಲ" ಎಂದು ಹೋದರು. ಮತ್ತೆ ಬರಲೂ ಇಲ್ಲ.

ಅವರು ಹೋದ ಮೇಲೆ ತಂತಿಯನ್ನು ಪೆಟ್ಟಿಗೆಯಿಂದ ಎಳೆದು ನನ್ನ ಫೋನಿಗೆ ಸಿಕ್ಕಿಸಿದೆ. ಕೂಡಲೇ ಸದ್ದಾಯಿತು.

"ಯಾರಿಗಿ ಕೇಳಿ ಕಿತ್ತಿ?" ಅಣ್ಣ ಅರಚಿದ.

"ನಮಸ್ಕಾರ್ರಿ, ಯಾವ ಪೈಪ್ ಬೇಕಾಗಿತ್ರಿ?" ಎಂದೆ. ಅವನು ಬೈಯುತ್ತಲೇ ಇದ್ದ. ಫೋನು ಇಟ್ಟೆ. ಅದಾದ ಮೇಲೆ ಬಂದ ಪ್ರತಿ ಕರೆಗೂ ಯಜಮಾನರು ಷಾರ್ಜಾದಲ್ಲಿದ್ದಾರೆ ಎಂದು ಸ್ಪಷ್ಟವಾಗಿ ಹೇಳಿದೆ. ಕೇಳದಿದ್ದವರಿಗೂ ಹೇಳಿದೆ. ಅದರಲ್ಲಿ ಸತ್ಯಕ್ಕಿಂತ ಸೇಡೇ ಹೆಚ್ಚಿತ್ತು.

ಒಂದು ವಾರದೊಳಗೆ ಅವನು ಬಂದ. ಮನೆಗೆ ಬರುವ ಮೊದಲು ಅಂಗಡಿಯ ಬೀಗ ಬದಲಿಸಿ ಬಂದಿದ್ದ. "ಅಂಗಡಿ ನನ್ನ ಹೆಸರಿಗೈತಿ" ಎಂದ. ಅವ್ವ ಅವನಿಗೆ ಊಟ ಬಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ಬಟ್ಟೆ ತುಂಬಿಕೊಂಡು ಕುರುಗೋಡಿಗೆ, ಸೋದರತ್ತೆಯ ಮನೆಗೆ ಹೋದೆ. ಅವರ ಮುಂದಿನ ಕೋಣೆಯಲ್ಲಿ ಟ್ರ್ಯಾಕ್ಟರ್, ಕೊಯ್ಲು ಯಂತ್ರಗಳ ಪೈಪಿನ ಕೆಲಸ ಶುರುಮಾಡಿದೆ. ಎರಡನೇ ತಿಂಗಳಿಗೆ ಮೇಸ್ತ್ರಿ ತನ್ನ ಹತಾರಗಳ ಚೀಲ ಹೊತ್ತು ಬಂದ. "ಅಲ್ಲಿ ಬರೇ ಬೈಗಳ ಕೇಳೋದಾತವ್ವ" ಎಂದ.

ಮುಂದೆ ಕೋರ್ಟಿನ ಆದೇಶದಿಂದ ಗಣಿಗಳು ನಿಂತವು. ಸಾಲು ಸಾಲು ಟಿಪ್ಪರುಗಳು ರಸ್ತೆ ಬದಿಯಲ್ಲಿ ತುಕ್ಕು ಹಿಡಿದವು. ಅಣ್ಣ ಅಂಗಡಿ ಮುಚ್ಚಿದ. ಅವ್ವ ಕುರುಗೋಡಿಗೆ ಬಂದು ಬಾಗಿಲಲ್ಲೇ ನಿಂತು, "ಅವನಿಗೂ ಇಲ್ಲಿ ಒಂದು ಕುರ್ಚಿ ಹಾಕು, ಒಡಹುಟ್ಟಿದವನು" ಎಂದಳು.

"ನೀನು ಊಟ ಮಾಡಿ ಹೋಗವ್ವ. ಅವನ ಮಾತು ಬ್ಯಾಡ."

ಅವ್ವ ಊಟ ಮಾಡದೆ ಮೂರು ಗಂಟೆಯ ಬಸ್ಸಿಗೆ ವಾಪಸು ಹೋದಳು. ನಾನೂ ತಡೆಯಲಿಲ್ಲ.