ಇಬ್ಬರಿದ್ದ ಬೆಂಚು

ನಾವು ಹೈಸ್ಕೂಲಿಗೆ ಸೇರಿದಾಗ ಹೊಳೆನರಸೀಪುರದ ಜನ ಬಾಯಿಗೆ ಬಂದಂತೆ ಆಡಿಕೊಂಡರು. ನಾವು ಎಂದರೆ ನಾನು, ನನ್ನ ಗೆಳತಿ, ಇಬ್ಬರೇ. ತರಗತಿಯಲ್ಲಿ ಉಳಿದ ನಲವತ್ತೂ ಹುಡುಗರೇ. ನಮ್ಮಪ್ಪ ಪೇಟೆಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದರು. ಅವಳು ಹಳೇಕೋಟೆ ಕಡೆಯ ಗೌಡರ ಮಗಳು, ಓದುವುದಕ್ಕೆಂದು ನಮ್ಮೂರಿನ ಸೋದರತ್ತೆಯ ಮನೆಯಲ್ಲಿದ್ದಳು. ಶಾಲೆಗೆ ಸೇರಿಸುವಾಗಲೇ ಅವಳಪ್ಪ ಹೇಳಿಬಿಟ್ಟಿದ್ದರಂತೆ: "ಅಂಗಡಿಯೋರ ಮಗ್ಳು ಎಷ್ಟ್ ದಿನ ಓಯ್ತಾಳೋ ಅಷ್ಟ್ ದಿನ ನೀನೂ ಓಗು. ಒಬ್ಳೇ ಮಾತ್ರ ಬ್ಯಾಡ." ಇದನ್ನು ಅವಳು ಮೊದಲ ವಾರವೇ ನಗುನಗುತ್ತ ನನಗೆ ಹೇಳಿದಳು. ನಾನೂ ನಕ್ಕೆ.

ಶಾಲೆ ಊರ ಹೊರಗಿತ್ತು. ಹುಡುಗರು ಬರುವ ಮೊದಲೇ ನಾವಿಬ್ಬರೂ ಹೋಗಿ, ಭೂಪಟಗಳನ್ನು ಸುತ್ತಿಡುತ್ತಿದ್ದ ಸಣ್ಣ ಕೋಣೆಯಲ್ಲಿ ಕೂತಿರಬೇಕು. ಗಂಟೆ ಹೊಡೆದ ಮೇಲೆ ಮೇಷ್ಟ್ರು ಆ ಬಾಗಿಲ ಮುಂದೆ ನಿಂತು ಕೆಮ್ಮುವರು. ನಾವು ತಲೆ ತಗ್ಗಿಸಿಕೊಂಡು ಅವರ ಹಿಂದೆ ಹೋಗಿ, ಅವರ ಮೇಜಿನ ಪಕ್ಕ ಗೋಡೆಗೆ ಒತ್ತಿ ಹಾಕಿದ್ದ ಬೆಂಚಿನ ಮೇಲೆ ಕೂರುವುದು. ಪಾಠ ಮುಗಿದರೆ ಮತ್ತೆ ಅವರ ಹಿಂದೆಯೇ ಹೊರಬೀಳುವುದು. ಅಷ್ಟೂ ಕಾಲ ಒಬ್ಬ ಹುಡುಗನ ಮುಖವನ್ನೂ ನಾನು ನೆಟ್ಟಗೆ ನೋಡಲಿಲ್ಲ. ಕಾಲುಗಳನ್ನು ನೋಡಿದರೆ ಇಂಥವನೆಂದು ಹೇಳುವಷ್ಟು ಗುರುತಿತ್ತು.

ನನಗೆ ಓದಿನ ಆಸೆ ಅಷ್ಟಕ್ಕಷ್ಟೆ. ಮನೆಯಲ್ಲಿ ಕೂತು ಅಕ್ಕಿ ಆರಿಸುವುದಕ್ಕಿಂತ ಅವಳ ಜೊತೆ ಮಾತಾಡುತ್ತ ನಡೆದು ಹೋಗಿ ಬರುವುದು ಚೆಂದವಾಗಿತ್ತು, ಅದಕ್ಕೇ ಹೋಗುತ್ತಿದ್ದೆ. ಅವಳ ಪರಿ ಬೇರೆ. ಮೇಷ್ಟ್ರು ಲೆಕ್ಕ ಓದಿ ಮುಗಿಸುವಷ್ಟರಲ್ಲಿ ಅವಳಿಗೆ ಉತ್ತರ ಹೊಳೆದಿರುತ್ತಿತ್ತು. ಅದು ಯುದ್ಧದ ಕಾಲ, ಕಾಗದ ಸಿಗುತ್ತಿರಲಿಲ್ಲ. ನಮ್ಮ ಅಂಗಡಿಗೆ ಜವಳಿ ಸುತ್ತಿಕೊಂಡು ಬರುತ್ತಿದ್ದ ಕಂದು ಕಾಗದವನ್ನು ನಾನು ಮಡಿಸಿ ತಂದು ಕೊಟ್ಟರೆ, ಅದರ ಎರಡು ಮಗ್ಗುಲಲ್ಲೂ ಬೀಜಗಣಿತ ಬರೆದು ತುಂಬುತ್ತಿದ್ದಳು. "ಪಾಸಾಗ್ಬುಟ್ರೆ ಹಾಸ್ನದ ಎಣ್ಮಕ್ಳ ಸ್ಕೂಲ್ನಾಗೆ ಲೆಕ್ಕ ಏಳ್ಕೊಡ್ತೀನಿ ಕಣೆ" ಎನ್ನುವಳು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಇಬ್ಬರೂ ರೈಲಿನಲ್ಲಿ ಹಾಸನಕ್ಕೆ ಹೋಗುವುದು, ಅವಳ ಅತ್ತೆ ನಮ್ಮ ಜೊತೆಗೆ ಬರುವುದು ಎಂದೆಲ್ಲ ಮಾತಾಗಿತ್ತು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಚನ್ನರಾಯಪಟ್ಟಣದಿಂದ ಜವಳಿ ವ್ಯಾಪಾರದವರೇ ಒಬ್ಬರು ನನ್ನನ್ನು ನೋಡಲು ಬಂದರು. ಒಪ್ಪಿಗೆಯಾಯಿತು. ಅವರು ಹೋದ ಮೇಲೆ ಅಪ್ಪ ಒಳಗೆ ಬಂದು ನನ್ನೆದುರು ಕೂತರು. ಅವರು ಹಾಗೆ ಕೂತು ಕೇಳುವವರಲ್ಲ. ಅವತ್ತು ಕೇಳಿದರು. "ಬರೋ ತಿಂಗ್ಳೇ ಮದ್ವೆ ಆಗ್ಲಿ ಅಂತಾರೆ. ಪರೀಕ್ಷೆ ಆಗ್ಲಿ ಅಂದ್ರೆ ಕಾಯ್ತಾರಂತೆ. ನೀನೇನಂತೀಯವ್ವ?"

ಮಾರನೆಯ ದಿನ ಬೀಜಗಣಿತದ ಟೆಸ್ಟಿತ್ತು. ನಾನು ಒಂದಕ್ಷರ ಓದಿರಲಿಲ್ಲ. ತಟ್ಟೆಯಲ್ಲಿ ಅವರು ತಂದಿದ್ದ ಹಸಿರು ಸೀರೆ ಇತ್ತು. "ನೀವು ಎಂಗಂದ್ರೆ ಅಂಗೆ ಅಪ್ಪಾಜಿ" ಅಂದುಬಿಟ್ಟೆ. ಟೆಸ್ಟು ತಪ್ಪಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ ಕೂಡ. ಅವಳ ಅಪ್ಪನ ಮಾತು ನನ್ನ ನೆನಪಿಗೆ ಬರಲಿಲ್ಲ ಎಂದು ಈಗ ಹೇಳಿದರೆ ಯಾರೂ ನಂಬಲಾರರು. ಆದರೆ ನಿಜವಾಗಿ ಬರಲಿಲ್ಲ.

ಮಾರನೆಯ ದಿನ ನಾನು ಹೋಗಲಿಲ್ಲ, ಹೇಳಿಯೂ ಕಳಿಸಲಿಲ್ಲ. ಅವಳು ಭೂಪಟಗಳ ಕೋಣೆಯಲ್ಲಿ ನನಗಾಗಿ ಕಾದು, ಮೇಷ್ಟ್ರು ಕೆಮ್ಮಿದಾಗ ಒಬ್ಬಳೇ ಎದ್ದು ಅವರ ಹಿಂದೆ ಹೋದಳಂತೆ. ಒಬ್ಬಳೇ ಆ ಬೆಂಚಿನಲ್ಲಿ ಕೂತು ಟೆಸ್ಟು ಬರೆದಳಂತೆ. ಸಂಜೆಯೊಳಗೆ ಸುದ್ದಿ ಊರೆಲ್ಲ ಆಯಿತು. ಮೂರನೆಯ ದಿನ ಅವಳಪ್ಪ ಗಾಡಿ ಕಟ್ಟಿಸಿಕೊಂಡು ಬಂದು ಅವಳನ್ನು ಕರೆದುಕೊಂಡು ಹೋದರು.

ಲೆಕ್ಕ ಹೇಳುತ್ತಿದ್ದವರು ನಮ್ಮ ಹೆಡ್ಮಾಸ್ಟರೇ. ಅವರು ಆ ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಗೌಡರ ಊರಿಗೆ ಹೋಗಿ, "ಎರಡೇ ತಿಂಗಳು ಕಳಿಸಿ ಗೌಡರೇ, ಇಂಥ ಹುಡುಗಿ ನನಗೆ ಇನ್ನೊಬ್ಬಳು ಸಿಕ್ಕಿಲ್ಲ" ಎಂದು ಕೇಳಿಕೊಂಡರಂತೆ. ಗೌಡರು ಅವರಿಗೆ ಹಾಲು ಕೊಟ್ಟು, ಮರ್ಯಾದೆಯಿಂದಲೇ ಹೇಳಿದರಂತೆ: "ಇಬ್ರಿದ್ದಾಗ ಅದೊಂತರ ಸಾ. ನಲ್ವತ್ತು ಐಕ್ಳ ಮದ್ಯೆ ಒಂದೇ ಎಣ್ಣು ಕುಂತ್ರೆ ನಾಳೀಕೆ ಯಾರ್ ಸಾ ಮದ್ವೆ ಆಯ್ತಾರೆ?" ಇದನ್ನೆಲ್ಲ ಅವಳ ಸೋದರತ್ತೆ ನನ್ನ ಮದುವೆಯ ಮನೆಯಲ್ಲಿ ನಮ್ಮಮ್ಮನಿಗೆ ಹೇಳುತ್ತಿದ್ದರು. ಬಾಸಿಂಗ ಕಟ್ಟಿಸಿಕೊಂಡು ಕೂತಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

ಅವಳೂ ಬಂದಿದ್ದಳು. ಊಟದ ಗಲಾಟೆ ಮುಗಿದ ಮೇಲೆ ನನ್ನ ಪಕ್ಕ ಬಂದು ಕೂತು ಸೀರೆಯ ಅಂಚು ಮುಟ್ಟಿ ನೋಡಿದಳು. ಆ ದಿನಗಳಲ್ಲೇ ಇಳಿದುಹೋಗಿದ್ದಳು.

"ಒಂದ್ ಮಾತು ಏಳ್ತೀಯಾ" ಎಂದಳು. "ನಿಮ್ಮಪ್ಪ ನಿನ್ನ ಕೇಳುದ್ರಾ, ಪರೀಕ್ಸೆ ಬರೀತೀಯಾ ಅಂತ?"

"ಇಲ್ಲ ಕಣೆ" ಎಂದೆ. "ಯಾರೂ ಕೇಳ್ಲಿಲ್ಲ."

ಅವಳು ನನ್ನ ಕೈ ಹಿಡಿದುಕೊಂಡಳು. "ಅಂಗಾದ್ರೆ ಬುಡು. ಮನ್ಸಿಗೆ ಅಚ್ಕೋಬ್ಯಾಡ. ನಮ್ಮುನ್ನ ಯಾರ್ ಕೇಳ್ತಾರೆ." ಅವಳೇ ನನಗೆ ಸಮಾಧಾನ ಹೇಳಿ, ಕಣ್ಣೊರೆಸಿ ಹೋದಳು.

ಮುಂದಿನ ವರ್ಷ ಅವಳನ್ನು ಮಲ್ಲಿಪಟ್ಟಣದ ಕಡೆಗೆ ಕೊಟ್ಟರು. ಅಪರೂಪಕ್ಕೆ ಭೇಟಿಯಾದಾಗ ತನ್ನ ಮಕ್ಕಳನ್ನು ಹತ್ತಿರ ಕರೆದು ನನ್ನನ್ನು ತೋರಿಸುತ್ತಿದ್ದಳು. "ಇವ್ಳೂ ನನ್ನಂಗೇ ಪಾಪ, ಓದಕ್ಕೆ ಬುಡ್ಲಿಲ್ಲ" ಎನ್ನುತ್ತಿದ್ದಳು. ಅವಳು ತೀರಿಕೊಳ್ಳುವ ತನಕ ಅದನ್ನು ಕೇಳಿದಾಗಲೆಲ್ಲ ನಾನು ಹೌದೆಂದು ತಲೆಯಾಡಿಸಿದೆ.