ಕಾರು ಕೊಡಿಸಿದವರು

ಮೂಡುಬಿದಿರೆಯ ಆ ಬ್ರೋಕರು ಹಳೆಯ ಕಾರುಗಳ ಬಾನೆಟ್ಟನ್ನು ದನದ ಬೆನ್ನು ಸವರುವಂತೆ ಸವರುತ್ತಿದ್ದರು. ಏನೇ ಕೇಳಿದರೂ, "ಎಂತ ಹೆದರ್ಲಿಕ್ಕುಂಟು? ನಾನಿಲ್ವಾ ಮಾರಾಯ್ರೆ" ಎನ್ನುತ್ತಿದ್ದರು. ನಾವು ಕೊಂಡ ಕಾರಿಗೆ ಪೊಳಲಿಯ ದೇವಿ ದೇವಸ್ಥಾನದಲ್ಲಿ ಪೂಜೆ ಮಾಡಿಸಲೂ ಜೊತೆಗೆ ಬಂದರು. ಚಕ್ರಗಳ ಎದುರು ಇಟ್ಟ ಲಿಂಬೆಹಣ್ಣುಗಳಲ್ಲಿ ಹಿಂದಿನ ಚಕ್ರದ್ದೊಂದು ಅಪ್ಪಚ್ಚಿಯಾಗದೆ ಉಳಿಯಿತು. ಕಾರು ಕೊಂಚ ಓರೆಯಾಗಿ ಚಲಿಸಿತ್ತು. "ಒಂದನ್ನು ದೇವಿ ನಿಮ್ಮ ಶರಬತ್ತಿಗೆ ಇಟ್ಟಿದ್ದಾಳೆ" ಎಂದು ಅವರು ನಕ್ಕರು. ನಾವೂ ನಕ್ಕೆವು.

ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕಾರಿನ ಹಿಂಭಾಗ ನನ್ನ ಮಾತು ಕೇಳಲಿಲ್ಲ. ಅಡ್ಡ ತಿರುಗಿ ತಡೆಗೋಡೆ ಒಡೆದು ನಿಂತಾಗ ಹಿಂದಿನ ಒಂದು ಚಕ್ರ ಕಣಿವೆಯ ಮೇಲೆ ಗಾಳಿಯಲ್ಲಿ ತಿರುಗುತ್ತಿತ್ತು. ಮಗಳು ಹಿಂದಿನ ಸೀಟಿನಲ್ಲಿದ್ದಳು. ಅವಳನ್ನು ಹೊರಗೆಳೆದ ಮೇಲೆ ನೋಡಿದರೆ, ಬಾಗಿಲ ಕೆಳಗೆ ವೆಲ್ಡಿಂಗ್ ಬಿಟ್ಟಿತ್ತು. ಬಿಳಿ ಬಣ್ಣದಡಿ ಮುಂದಿನ ಅರ್ಧ ಕೆಂಪು, ಹಿಂದಿನ ಅರ್ಧ ನೀಲಿ. ಜಜ್ಜಿಹೋದ ಎರಡು ಕಾರುಗಳನ್ನು ಸೇರಿಸಿ ಒಂದು ಮಾಡಿದ್ದರು. ಈಗಲೂ ಕಣ್ಣು ಮುಚ್ಚಿದರೆ ಆ ಚಕ್ರ ತಿರುಗುತ್ತದೆ.

ಬ್ರೋಕರಿಗೆ ಫೋನು ಮಾಡಿದೆ. ಕಾರನ್ನು ಎಳೆಸಿ ತಂದಿಟ್ಟಿದ್ದ, ಘಾಟಿಯ ಬುಡದ ಕಕ್ಕಿಂಜೆಗೇ ಅವರು ಬಂದರು. ಮಗಳ ತಲೆ ನೇವರಿಸುವಾಗ ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ನನಗೆ ಜಗಳಕ್ಕೂ ಶಕ್ತಿಯಿರಲಿಲ್ಲ. ಆಮೇಲೆ ಕಾರಿಗೆ ಒಂದು ಸುತ್ತು ಬಂದು, "ಇದನ್ನು ನನಗೇ ಕೊಡಿ, ಸರಿ ಮಾಡಿಸುವ" ಎಂದರು.

"ಇದರಲ್ಲಿ ಇನ್ನೊಬ್ಬರ ಮಕ್ಕಳು ಕೂರುವುದು ಬೇಡ. ಗುಜರಿಗೆ ಹಾಕ್ತೇನೆ" ಎಂದೆ.

"ಹಾಕಿ" ಎಂದು ಅವರು ನನ್ನ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟರು. "ಗುಜರಿಯವ ಮೊದಲು ಫೋನು ಮಾಡುವುದು ನನಗೇ ಅಲ್ವಾ ಮಾರಾಯ್ರೆ."