ರೇಷ್ಮೆಯ ಚೌರಿ

ನನ್ನ ಅಕ್ಷರ ಸೊಟ್ಟ, ಪದಗಳೂ ಕಡಿಮೆ. ಕ್ಷಮಿಸಿ ಓದಿಕೊಳ್ಳಿ.

ಶಿಡ್ಲಘಟ್ಟದ ರಹಮತುನ್ನೀಸಾ ಮದುವೆಯಾದಾಗಿನಿಂದ ರೇಷ್ಮೆಗೂಡಿನ ನೂಲು ಬಿಚ್ಚುತ್ತಾ ಬಂದವರು. ಹೋದ ವರ್ಷ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದು, ಬೆಂಗಳೂರಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಶುರುವಾಯಿತು. ಇನ್ನು ಕೂದಲು ಉದುರುವುದು ಖಂಡಿತ ಎಂದುಕೊಂಡ ಜೊತೆಗಾತಿಯರು, ಕೆಲಸದಲ್ಲಿ ಮಿಕ್ಕ ರೇಷ್ಮೆ ಎಳೆಗಳಿಗೆ ಕಪ್ಪು ಬಣ್ಣ ಹಾಕಿ ಉಳಿದಷ್ಟು ಕೂದಲಿಗೆ ಸೇರಿಸಿ ಹೆಣೆದುಕೊಳ್ಳಲೆಂದು ಉದ್ದನೆಯ ಚೌರಿಯೊಂದನ್ನು ಕಟ್ಟಿಕೊಟ್ಟರು.

ತಿಂಗಳುಗಳು ಕಳೆದರೂ ಕೂದಲು ಉದುರಲಿಲ್ಲ. ರಹಮತುನ್ನೀಸಾಗೆ ಅದೇ ಭಯವಾಯಿತು.

“ಔಷಧಿ ನನಗೆ ಹತ್ತಲಿಲ್ಲ ಕಣೇ ಅನಸೂಯ,” ಎಂದು ಪಕ್ಕದಲ್ಲಿ ಕೂತು ನೂಲು ಬಿಚ್ಚುವ ಗೆಳತಿಯ ಮುಂದೆ ಅತ್ತರು.

“ಅಳೋದು ಆಮೇಲೆ ಅಳೀವಂತೆ. ಮೊದಲು ಡಾಕ್ಟ್ರನ್ನ ಕೇಳಣ ನಡಿ ಬೂಬಮ್ಮ,” ಎಂದು ಅನಸೂಯಮ್ಮ ಬಸ್ಸು ಹತ್ತಿಸಿದರು.

ಹೊಸ ಸ್ಕ್ಯಾನ್ ನೋಡಿದ ಡಾಕ್ಟರ್ ನಕ್ಕರು. “ಗಡ್ಡೆ ಅರ್ಧಕ್ಕರ್ಧ ಕರಗಿದೆಯಮ್ಮ. ಇದು ಕೂದಲು ಉದುರಿಸೋ ಔಷಧಿ ಅಲ್ಲ. ರೋಗದ ಜೊತೆ ಹೊಡೆದಾಡೋ ಕಣಗಳು ನಿಮ್ಮ ರಕ್ತದಲ್ಲೇ ಇವೆ. ಕ್ಯಾನ್ಸರ್ ಅವಕ್ಕೆ ಬ್ರೇಕ್ ಹಾಕಿತ್ತು, ಈ ಇಂಜೆಕ್ಷನ್ ಆ ಬ್ರೇಕ್ ಬಿಡಿಸ್ತು. ಈ ದಾರಿ ಕಂಡುಹಿಡಿದೋರಿಗೆ ನೊಬೆಲ್ ಪ್ರಶಸ್ತಿ ಬಂದಿದೆ.”

“ಅಷ್ಟು ಕಷ್ಟಪಟ್ಟು ಚೌರಿ ಕಟ್ಟಿದ್ವಲ್ಲ ಸಾರ್, ನಮಗೇನೂ ಇಲ್ವಾ?” ಎಂದರು ಅನಸೂಯಮ್ಮ.

ರಹಮತುನ್ನೀಸಾ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. “ನಿನ್ನ ಮಗಳ ಮದುವೆ ಇದೆಯಲ್ಲೇ. ಆ ಚೌರಿ ಅವಳಿಗೇ ಇರಲಿ.”

ಇಂಜೆಕ್ಷನ್ ಇನ್ನೂ ಕೆಲವು ಬಾಕಿ ಇವೆ. ಬರುವ ಭಾನುವಾರ ಬೆಳಿಗ್ಗೆ ರಹಮತುನ್ನೀಸಾ ಮದುವೆಮನೆಗೆ ಹೋಗಿ, ಮದುಮಗಳು ರೂಪಳ ಜಡೆಗೆ ಆ ಚೌರಿಯನ್ನು ತಾವೇ ಸೇರಿಸಿ ಹೆಣೆಯುತ್ತಾರೆ.